ಕೋವಿಗೆ ಬಿಟ್ಟ ಎಣ್ಣೆ

ಕೋವಿ ಅಂಗಡಿಯ ಅಹ್ಮದ್ ಬಾವ ರೈಫಲಿನ ಟ್ರಿಗರ್ ಬಿಚ್ಚಿ ಹಳೇ ಪೇಪರಿನ ಮೇಲಿಟ್ಟಾಗ, ಅದಕ್ಕಂಟಿದ್ದ ಕಂದು ಜಿಡ್ಡಿನಿಂದ ಕನರು ವಾಸನೆ ಬಂತು. ಕುಶಲಾಗೆ ಅದು ಅಡುಗೆಮನೆಯ ವಾಸನೆ.

"ಇದಕ್ಕೆ ತೆಂಗಿನೆಣ್ಣೆ ಬಿಟ್ಟದ್ದು ಯಾರು, ಮೋಹನಣ್ಣ?"

ಮೋಹನದಾಸರು ಹೆಂಡತಿ ಕುಶಲಾಳ ಕಡೆ ನೋಡಿದರು. ಪ್ರತಿ ಆಯುಧಪೂಜೆಗೆ ಕಾರು, ಹೊಲಿಗೆ ಮೆಷಿನು, ಕತ್ತಿಗಳ ಜೊತೆ ಮಾವನ ಕಾಲದ ಈ ಸೆಮಿ ಆಟೋಮ್ಯಾಟಿಕ್ ರೈಫಲನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದವಳು ಅವಳೇ. ಬಾಗಿಲ ತಿರುಗಣಿಗೆ ಬಿಡುವ ಹಾಗೆ ಅದರ ಸಂದಿಗೂ ನಾಲ್ಕು ಹನಿ ಬಿಡುತ್ತಿದ್ದಳು.

"ಇವಳ ಭಕ್ತಿ ಮಾರಾಯ. ಬರುವ ವರ್ಷ ಒಗ್ಗರಣೆಯೂ ಹಾಕಿಯಾಳು."

ಬಾವ ನಕ್ಕರು. ಎಣ್ಣೆ ಗಟ್ಟಿಯಾಗಿ ಟ್ರಿಗರ್ ಅಂಟಿಕೊಂಡಿದೆ, ತೊಳೆದರೆ ಸಾಕು ಎಂದರು. ಮೋಹನದಾಸರು ಒಪ್ಪಲಿಲ್ಲ. ಹೋದ ವರ್ಷ ಕಾಯಿಲೆ ಬಿದ್ದು ಎದ್ದ ಮೇಲೆ ಅವರ ಬಲಗೈ ನಡುಗುತ್ತಿತ್ತು, ಬೆರಳಿಗೆ ಬಲವಿರಲಿಲ್ಲ. ಹೊಸ ಟ್ರಿಗರೇ ಬೇಕು, ಹಗುರದ್ದು. ಮೂರು ವಾರದ ಹಿಂದೆ, ಸಂಜೆ, ಕಾಟಿಪಳ್ಳದ ಮನೆಯ ಹಿತ್ತಿಲಲ್ಲಿ ಮರಗೆಣಸಿನ ಗಿಡ ಅಲುಗಿದ್ದು, ತಾನು ಗುರಿಯಿಟ್ಟು ಎಳೆದರೂ ಟ್ರಿಗರ್ ಜಗ್ಗದೆ ಹಂದಿ ತಪ್ಪಿಸಿಕೊಂಡದ್ದು, ಎಲ್ಲವನ್ನೂ ಇಲ್ಲಿಯೂ ಹೇಳಿದರು.

ಬಾವ ಒಳಗಿನಿಂದ ಹೊಸದೊಂದನ್ನು ತಂದರು. "ಇದಕ್ಕೆ ಬೆರಳು ತಾಗಿದರೆ ಸಾಕು. ಮುಂದಿನ ಗುಂಡು ತಾನಾಗಿಯೇ ಬಂದು ಕೂತಿರ್ತದೆ."

ಮೂರು ವಾರದ ಹಿಂದಿನ ಆ ಸಂಜೆ ಕುಶಲಾ ಬಾವಿಕಟ್ಟೆಯ ಬಳಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕೋವಿಯ ನಳಿಗೆ ಕಂಡಿತ್ತು, ಅದರ ಎದುರಿಗೆ ಏನಿದೆಯೆಂಬುದೂ ಕಂಡಿತ್ತು. ಕೂಗಲಾಗದೆ ಕೈಯಲ್ಲಿದ್ದ ಬಟ್ಟೆಯನ್ನು ಅವುಚಿಕೊಂಡು ನಿಂತಳು. ಅವರು ಕೋವಿ ಇಳಿಸಿದ ಮೇಲೆ ಒಳಗೆ ಹೋಗಿ, ತೊಳೆದಿಟ್ಟ ಅಕ್ಕಿಯನ್ನೇ ಮತ್ತೆ ತೊಳೆದಳು. ಅಂದಿನಿಂದ ಯಾರಿಗೂ ಹೇಳಲಿಲ್ಲ. ಕಾಯಿಲೆ ಅವರಿಂದ ಕಾರು ಓಡಿಸುವುದನ್ನು ಬಿಡಿಸಿತ್ತು, ಹೋಟೆಲಿನ ಗಲ್ಲಾದಿಂದ ಎಬ್ಬಿಸಿತ್ತು. ಉಳಿದದ್ದು ಈ ಕೋವಿ ಒಂದೇ. ಅದನ್ನೂ ಕಸಿಯಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಬಾವ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು.

"ಬಾವಾಕ, ಅದನ್ನು ಹಾಕ್ಬೇಡಿ" ಎಂದಳು ಕುಶಲಾ.

"ಎಂತದು ನಿಂದು?" ಎಂದು ಮೋಹನದಾಸರು ತಿರುಗಿದರು.

ಕುಶಲಾ ಪೇಪರಿನ ಮೇಲಿನ ಜಿಡ್ಡನ್ನೇ ನೋಡುತ್ತ ಹೇಳಿದಳು: "ಅವತ್ತು ಹಂದಿ ಬಂದಿರ್ಲಿಲ್ಲ. ಗಿಡದ ಹಿಂದೆ ಇದ್ದದ್ದು ನಮ್ಮ ಮಗಳು ಸಂಚಿತಾ. ಕೋಳಿ ಎಲ್ಲಿ ಮೊಟ್ಟೆ ಇಟ್ಟಿದೆ ಅಂತ ಬಗ್ಗಿ ಹುಡುಕ್ತಾ ಇದ್ದಳು."

ಹೊರಗೆ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು.

"ನೀನು ನೋಡಿದ್ದಾ?" ಎಂದರು ಮೋಹನದಾಸರು.

"ನೋಡಿದ್ದೇನೆ."

"ಮಗಳಿಗೆ ಗೊತ್ತುಂಟಾ?"

"ಇಲ್ಲ."

ಮೋಹನದಾಸರು ಕೈ ಚಾಚಿ ಆ ಜಿಡ್ಡನ್ನು ಬೆರಳಿಗೆ ತೆಗೆದುಕೊಂಡರು. ತಿಕ್ಕಿದರು, ಮೂಸಿದರು. ಪಂಚೆಯ ಅಂಚಿಗೆ ಎಷ್ಟು ಒರೆಸಿದರೂ ಅದು ಹೋಗಲಿಲ್ಲ. ಆಮೇಲೆ ಎಡಗೈಯಿಂದ ಜೇಬಿನೊಳಗಿನ ಲೈಸೆನ್ಸ್ ಪುಸ್ತಕ ತೆಗೆದು ಗಾಜಿನ ಮೇಜಿನ ಮೇಲೆ ಬಾವನ ಕಡೆಗೆ ಸರಿಸಿದರು.

"ಕೋವಿ ಇಲ್ಲೇ ಇರಲಿ. ಅದಕ್ಕೆ ಬೇಕಾದ ಕಾಗದ ಮಾಡು."

ಬಾವ ತಲೆಯಾಡಿಸಿ ರಿಜಿಸ್ಟರ್ ತರಲು ಒಳಗೆ ಹೋದರು. ಮೇಜಿನ ಮೇಲಿದ್ದ ಮೋಹನದಾಸರ ಬಲಗೈಯ ಬೆರಳು ಗಾಜಿಗೆ ಟಕಟಕ ಬಡಿಯುತ್ತಲೇ ಇತ್ತು. ಕುಶಲಾ ತನ್ನ ಅಂಗೈಯನ್ನು ಆ ಬೆರಳಿನ ಅಡಿಗೆ ಮೆಲ್ಲಗೆ ಸರಿಸಿದಳು. ಸದ್ದು ನಿಂತಿತು.