ಕಾಲು ಮಡಚದ ಕರು

ನಾನು ಒಂದು ಚಿತ್ರ. ಅದಕ್ಕೂ ಮೊದಲು ಗೋಧಿಹಿಟ್ಟಿನ ಚೀಲವಾಗಿದ್ದೆ. ನನ್ನ ಹೊಲಿಗೆ ಬಿಚ್ಚಿ, ಒಗೆದು, ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದವಳು ನರಗುಂದದ ಡ್ರಾಯಿಂಗ್ ಮಾಸ್ತರ ಮುರಿಗೆಪ್ಪನವರ ಹೆಂಡತಿ. ಅವಳೇ ನನ್ನ ಅವ್ವ. ಗಂಡ ಸಾಲೆಗೆ ಹೋದ ಮೇಲೆ ಅವನ ಬಣ್ಣದ ಡಬ್ಬಿಗಳ ತಳ ಕೆರೆದು, ಕೊಟ್ಟಿಗೆಯಲ್ಲಿ ಕೂತು ನನ್ನ ಮೈಮೇಲೆ ಒಂದು ಎಮ್ಮೆ, ಎರಡು ಆಡು, ಮೇವು ಹಾಕುವ ಗೋದಲಿಯ ಅಂಚಿನಲ್ಲಿ ಮಲಗಿದ ಬೆಕ್ಕು, ಎಮ್ಮೆಯ ಮೂತಿಯ ಮುಂದೆ ಒಂದು ಕರು ಬರೆದಳು. ಎಮ್ಮೆಯನ್ನಂತೂ ಬಲು ಹೆಮ್ಮೆಯಿಂದ ಬರೆದಳು.

ಬಣ್ಣ ಒಣಗುವ ಮೊದಲೇ ನನಗೆ ಮನುಷ್ಯರ ಮೇಲೆ ಸಂಶಯ ಶುರುವಾಯಿತು. ಸಾಲೆಯ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಉಪ್ಪಿಟ್ಟು ತಿನ್ನಲು ಮನೆಗೂ ಬಂದರು. ಗೋಡೆಗೆ ಆನಿಸಿ ಒಣಗಲಿಟ್ಟಿದ್ದ ನನ್ನನ್ನು ಕಂಡು ತಟ್ಟೆ ಕೆಳಗಿಟ್ಟರು.

"ಏನ್ರೀ ಮಾಸ್ತರ, ಇಂಥಾ ಎಮ್ಮಿ ಬರೀತೀರಿ, ಒಂದ ದಿನ ಹೇಳಲಿಲ್ಲಲ್ರೀ!"

ಮಾಸ್ತರರು ಮೂರು ಸಲ ಕೆಮ್ಮಿದರು. ಆ ಕೆಮ್ಮಿನಲ್ಲಿ ಹೌದೂ ಇತ್ತು, ಅಲ್ಲವೂ ಇತ್ತು. ಕೊನೆಗೆ, "ಹಂಗ ಸುಮ್ಮನ, ವ್ಯಾಳ್ಯಾ ಕಳೀಲಿ ಅಂತ, ಸಾಹೇಬ್ರ," ಎಂದರು. ಒಳಗೆ ಒರಳಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಸಂಜೆಗೆ ನನ್ನ ಮೂಲೆಯಲ್ಲಿ ಮಾಸ್ತರರ ದೊಡ್ಡ ಸಹಿ ಬಿತ್ತು. ಮರುದಿನ ನಾನು ಸಾಹೇಬರ ಜೀಪಿನಲ್ಲಿದ್ದೆ.

ಹುಬ್ಬಳ್ಳಿಯ ಅವರ ಪಡಸಾಲೆಗೆ ಬಂದವರೆಲ್ಲ ಕೇಳುವುದು ಒಂದೇ: "ಎಮ್ಮಿ ಭೇಷ್ ಐತಿ. ಕರ ಯಾಕ ಹಿಂಗ ಕಟಗಿ ಆಗೈತಿ? ಕಣ್ಣ ಸುದ್ದ ಇಲ್ಲ!" ಸಾಹೇಬರು ಗಂಟಲು ಸರಿಮಾಡಿಕೊಂಡು, "ಅದಕ್ಕ ಮಾಡರ್ನ್ ಆರ್ಟ್ ಅಂತಾರ," ಎನ್ನುತ್ತಿದ್ದರು. ಕೇಳಿದವರು ಗೊತ್ತಾದವರಂತೆ ತಲೆ ಅಲ್ಲಾಡಿಸುತ್ತಿದ್ದರು. ಗೊತ್ತಾಗಿರಲಿಲ್ಲ.

ಸಾಹೇಬರು ತೀರಿಕೊಂಡ ಮೇಲೆ ಅವರ ಮಗಳು ನನ್ನನ್ನು ಕಾಲೇಜಿಗೆ ಕೊಟ್ಟಳು. ಅಲ್ಲಿ ಮುರಿಗೆಪ್ಪ ಮಾಸ್ತರರ ಚಿತ್ರಗಳ ಪ್ರದರ್ಶನಕ್ಕೆ ತಯಾರಿ ನಡೆದಿತ್ತು. ಅದರ ಹೊಣೆ ಹೊತ್ತ ಸರಳಾ ಮೇಡಂ ಭೂತಗನ್ನಡಿ ಹಿಡಿದು ನನ್ನ ಮೈಯೆಲ್ಲ ಜಾಲಾಡಿದರು. "ಇದು ಮಾಸ್ತರ ಕೈ ಅಲ್ಲ. ಯಾರೋ ಸಹಿ ನಕಲು ಮಾಡ್ಯಾರ. ಇದನ್ನ ತೂಗಹಾಕೂದು ಬ್ಯಾಡ." ಮುರುಕು ಬೆಂಚುಗಳ ಕೋಣೆಯೇ ನನಗೆ ಗತಿ ಎಂದುಕೊಂಡೆ. ಸಹಿ ಅಸಲೇ ಮೇಡಂ, ಸಹಿ ಮಾಡಿದವರೇ ನಕಲು! ಕೂಗಿ ಹೇಳೋಣವೆಂದರೆ ಚಿತ್ರಕ್ಕೆ ಬಾಯೆಲ್ಲಿ?

ಆದರೂ ಮೇಡಂಗೆ ಮನಸ್ಸು ತಡೆಯಲಿಲ್ಲ. ಒಮ್ಮೆ ಕೇಳಿಬಿಡೋಣವೆಂದು ನನ್ನನ್ನು ನರಗುಂದಕ್ಕೆ ಒಯ್ದರು. ನಲವತ್ತೊಂಬತ್ತು ವರ್ಷದ ಮೇಲೆ ಅವ್ವನನ್ನು ಕಂಡೆ. ಮುಪ್ಪಾಗಿದ್ದಳು. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅಜ್ಜಿ, ಇದು ಮಾಸ್ತರು ಬರೆದದ್ದೇನ್ರಿ?"

ಅವ್ವ ನನ್ನನ್ನು ಬಿಟ್ಟು ಮೇಡಂರನ್ನೇ ಅಡಿಯಿಂದ ಮುಡಿಯತನಕ ನೋಡಿದಳು. "ಯಾಕ? ಏನರ ತಕರಾರ ಐತೇನು?"

"ಕರ ನೋಡ್ರಿ. ಕಾಲು ಕಟಗಿ, ಕಣ್ಣಿಲ್ಲ. ಇಷ್ಟು ಚಂದ ಎಮ್ಮಿ ಬರೆದವರಿಗೆ ಒಂದು ಕರ ಬರ್‍ಯಾಕ ಬರೂದಿಲ್ಲೇನು?"

ಅವ್ವ ನಕ್ಕಳು. "ಸತ್ತದ್ದು ಕಣ್ಣು ಬಿಡತೈತೇನವ್ವಾ? ಹುಟ್ಟಿ ಎಂಟು ದಿನಕ್ಕ ಸತ್ತಿತ್ತದು. ತೊಗಲಿಗೆ ಹುಲ್ಲು ತುಂಬಿ ಮುಂದ ನಿಲ್ಲಿಸಿದರ ಎಮ್ಮಿ ಅದನ್ನ ನೆಕ್ಕಿ ನೆಕ್ಕಿ ಹಾಲು ಬಿಡತಿತ್ತು. ಹೊಲಿದಾಕಿ ನಾನ, ಹಿಂಡಿದಾಕಿ ನಾನ."

"ಬರೆದಾಕಿ?"

ಮೊರ ನಿಂತಿತು. ಅವ್ವ ಗೋಡೆಯ ಮೇಲಿನ ಗಂಡನ ಫೋಟೋ ಕಡೆ ನೋಡಿದಳು. "ಅವರು ಒಂದ ದಿನ ಕೊಟಗಿಯೊಳಗ ಕಾಲಿಟ್ಟವರಲ್ಲ," ಎಂದಳು. ಮತ್ತೆ ಮೊರ ಎತ್ತಿಕೊಂಡು, ಜೋಳಕ್ಕೆ ಹೇಳುವಂತೆ, "ನಾನ," ಎಂದಳು.

ಪ್ರದರ್ಶನದ ದಿನ ನನ್ನ ಕೆಳಗೆ ಚೀಟಿ ಅಂಟಿಸಿದ್ದರು: ಶ್ರೀಮತಿ ಮುರಿಗೆಪ್ಪ ಮಾಸ್ತರ. ಮೇಡಂ ಕರೆತಂದಿದ್ದ ಅವ್ವ ಬೆರಳಿಟ್ಟು ಅಕ್ಷರ ಅಕ್ಷರ ಓದಿದಳು.

"ಇದ್ಯಾರು?"

"ನೀವ, ಅಜ್ಜಿ."

"ನಾ ಎಲ್ಲಿ ಮುರಿಗೆಪ್ಪ? ಪೆನ್ನು ಕೊಡು ಇಲ್ಲಿ."

ಅದನ್ನು ಹೊಡೆದುಹಾಕಿ ಸಣ್ಣ ಅಕ್ಷರದಲ್ಲಿ ಬರೆದಳು: ನೀಲಗಂಗಾ. ಆ ಮನೆಯಲ್ಲಿ ಅವಳನ್ನು ‘ಏ’, ‘ಕೇಳಿತೇನು’, ‘ಮಾಸ್ತರ ಮನ್ಯಾಕಿ’ ಎಂದು ಕರೆದದ್ದನ್ನಷ್ಟೇ ಕೇಳಿದ್ದೆ. ಹೆತ್ತವಳ ಹೆಸರು ನನಗೂ ಗೊತ್ತಾದದ್ದು ಅವತ್ತೇ.

ಈಗ ಕಾಲೇಜಿನ ಗ್ರಂಥಾಲಯದ ಮೂಲೆಯಲ್ಲಿದ್ದೇನೆ. ಬಣ್ಣ ಅಲ್ಲಲ್ಲಿ ಬಿರಿದಿದೆ. ದೊಡ್ಡ ಸಹಿ ಹಾಗೇ ಇದೆ, ದೂರದಿಂದಲೇ ಕಾಣುತ್ತದೆ. ಯಾರಾದರೂ ಇತ್ತ ಬಂದರೆ ನನಗೆ ಇವತ್ತಿಗೂ ಸಂಶಯವೇ: ಸಹಿ ನೋಡಿ ಹೋಗುವವರೋ, ಚೀಟಿ ಓದುವವರೋ? ಚೀಟಿ ಕೆಳಗಿದೆ, ಅಕ್ಷರ ಸಣ್ಣದು. ಓದಬೇಕೆಂದರೆ ಎಂಥವರೂ ಅವ್ವನ ಮುಂದೆ ಬಗ್ಗಲೇಬೇಕು.