ಸೇತುವೆಯ ಬುಡದಲ್ಲಿ ನಿಂತ ಕುದುರೆ

ಏಳು ಸಮುದ್ರದಾಚೆಯ ಮಾತಲ್ಲ, ಮೊನ್ನೆಮೊನ್ನೆಯ ಕಾಲದಲ್ಲಿ ಒಂದೂರಿನಲ್ಲಿ ಒಂದು ಕಂದು ಹೆಣ್ಣುಕುದುರೆ ಇತ್ತು. ತನ್ನ ಲಾಯದ ಅಂಗಳದಲ್ಲಿ ಅದು ಹುಲಿ. ಗೇಟು ದಾಟಿದರೆ ಇಲಿ. ಯಾರದೋ ಮಹಡಿಯಲ್ಲಿ ಬಟ್ಟೆ ಪಟಪಟಿಸಿದರೂ ಸಾಕು, ನಾಲ್ಕು ಕಾಲೂರಿ ನಿಂತುಬಿಡುತ್ತಿತ್ತು. ಅದರ ಬೆನ್ನ ಮೇಲೆ ಕೂತಿರುತ್ತಿದ್ದವಳು ನಾನು.

ಹಳೆಯ ಲಾಯ ಬಿಡಬೇಕಾಗಿ ಬಂತು. ಹೊಸದು ಕಬ್ಬಿಣದ ಸೇತುವೆಯ ಆಚೆ. ಲಾರಿಯನ್ನಂತೂ ಕುದುರೆ ಹತ್ತುವುದಿಲ್ಲ.

"ಭಾನುವಾರದೊಳಗೆ ದಾಟದಿದ್ರೆ ಮಾರೋದೇ ಸರಿ," ಎಂದರು ಚಿಕ್ಕಪ್ಪ.

"ನಾನು ದಾಟಿಸ್ತೀನಿ ಚಿಕ್ಕಪ್ಪ," ಎಂದು ಮಾತು ಕೊಟ್ಟೆ.

ಐದು ದಿನ ಹೋದೆವು. ಐದು ದಿನವೂ ಸೇತುವೆಯ ಬುಡದಿಂದಲೇ ವಾಪಸ್. ಎದುರಿಗೆ ಸೈಕಲ್ ಬಂದರೆ ಲಗಾಮು ಬಿಗಿಹಿಡಿದು, ಕುತ್ತಿಗೆ ತಟ್ಟಿ, "ಏನಿಲ್ಲ ಕಣೇ, ಏನಿಲ್ಲ," ಎನ್ನುತ್ತಿದ್ದೆ. ಅದು ಇನ್ನಷ್ಟು ನಡುಗುತ್ತಿತ್ತು.

ಶನಿವಾರ ಅಜ್ಜಿ ಊರುಗೋಲು ಹಿಡಿದು ಜೊತೆಗೆ ಬಂದಳು. ಕುದುರೆ ಅದೇ ಜಾಗದಲ್ಲಿ ನಿಂತಿತು. ನಾನು ಕುತ್ತಿಗೆ ತಟ್ಟಿದೆ. ಅಜ್ಜಿ ನಕ್ಕುಬಿಟ್ಟಳು.

"ಅಯ್ಯೋ ಹುಚ್ಚಿ, ಹೆದರಿಸ್ತಿರೋಳು ನೀನೇ ಅಲ್ವೇನೇ!"

"ನಾನಾ? ಸಮಾಧಾನ ಮಾಡ್ತಿದೀನಜ್ಜಿ."

"ಲಾಯದಲ್ಲಿ ಯಾವತ್ತಾದ್ರೂ ಅದಕ್ಕೆ 'ಏನಿಲ್ಲ' ಅಂದಿದೀಯಾ? ಹೆದರೋ ಜಾಗದಲ್ಲೇ ಅಂತೀಯ. ಇವಳು 'ಏನಿಲ್ಲ' ಅಂದ್ರೆ ಏನೋ ಇದೆ ಅಂತ ಕಲ್ತುಬಿಟ್ಟಿದೆ ಪಾಪ. ಲಾಯದಲ್ಲಿ ಅದರ ಮೈ ಉಜ್ಜುವಾಗ ಏನ್ಮಾಡ್ತೀಯ?"

"ಕಥೆ ಹೇಳ್ತೀನಿ."

"ಮತ್ತೆ? ಇಲ್ಲಿ ಬಾಯಿಗೆ ಬೀಗ ಬಿದ್ದಿದೆಯಾ?"

ನಾಚಿಕೆಯಾಯಿತು. ಲಗಾಮು ಸಡಿಲಿಸಿ, ತನ್ನ ಮೀಸೆಗೆ ತಾನೇ ಹೆದರುತ್ತಿದ್ದ ರಾಜನ ಕಥೆ ಶುರು ಮಾಡಿದೆ. ಅಜ್ಜಿ ಪಕ್ಕದಲ್ಲಿ ನಡೆಯುತ್ತ ಹೂಂಗುಟ್ಟಿದಳು. ಕುದುರೆಯ ಒಂದು ಕಿವಿ ಹಿಂದೆ, ನನ್ನ ಕಡೆ ತಿರುಗಿತು. ಮುಂಗಾಲು ಸೇತುವೆಯ ಮೇಲೆ ಬಿತ್ತು. ತಗಡು ಝಣ್ ಎಂದಿತು. ಕುದುರೆ ನಿಂತಿತು. ಆ ಹಾಳು 'ಏನಿಲ್ಲ' ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡು, ಕಥೆಯ ರಾಜನನ್ನು ಕ್ಷೌರಿಕನ ಹತ್ತಿರ ಕಳಿಸಿದೆ. ಕುದುರೆ ತಗಡನ್ನು ಮೂಸಿ, ದೊಡ್ಡದೊಂದು ಉಸಿರು ಬಿಟ್ಟು, ಇನ್ನೊಂದು ಕಾಲಿಟ್ಟಿತು.

ಸೇತುವೆಯ ನಡುವೆ ಬಸ್ಸೊಂದು ಎದುರಾಯಿತು. ನನಗೆ ಕಥೆಯೇ ಮರೆತುಹೋಯಿತು.

"ಹೂಂ, ಆಮೇಲೆ?" ಎಂದಳು ಅಜ್ಜಿ, ಬಸ್ಸನ್ನು ನೋಡದೆಯೇ.

"ಆಮೇಲೆ... ಕ್ಷೌರಿಕನೂ ಹೆದರಿದ!"

ಬಸ್ಸು ಹೋಯಿತು. ಕುದುರೆ ನಡೆಯುತ್ತಲೇ ಇತ್ತು. ಗೊರಸಿನ ಕೆಳಗೆ ಮಣ್ಣಿನ ಮೆತ್ತನೆಯ ಸದ್ದು ಕೇಳಿದಾಗ ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಹೊಸ ಲಾಯದ ಗೇಟು ತೆರೆದ ಚಿಕ್ಕಪ್ಪ, "ಅರೆ, ಒಂದು ದಿನ ಮುಂಚೇನೇ!" ಎಂದರು. ನಾನು ಇಳಿದೆ. ಕುದುರೆ ತೊಟ್ಟಿಗೆ ಮೂತಿಯಿಟ್ಟು ಗಟಗಟನೆ ನೀರು ಕುಡಿಯಿತು. ಕುಡಿದು ಮುಗಿಸುವ ತನಕ ಕಾದಿದ್ದು, ಚಿಕ್ಕಪ್ಪ ತಾವೇ ಅದನ್ನು ಒಳಗೆ ನಡೆಸಿಕೊಂಡು ಹೋಗಿ ಹೊಸ ಗೂಟಕ್ಕೆ ಕಟ್ಟಿದರು.