ಚಿಕ್ಕ ಟೀಚರ್ ಕೊಟ್ಟ ಮಾರ್ಕು

ಚರ್ಚಿನವರ ಆಸ್ಪತ್ರೆಯ ಮೆಟ್ಟಿಲ ಪಕ್ಕ ಒಂದು ಕರಿಹಲಗೆ. ದಿನಾ ಬೆಳಗ್ಗೆ ಆರಕ್ಕೆ ಅದರ ಮೇಲೆ ಒಂದು ಒಳ್ಳೆ ಮಾತು ಬರೆಯುವುದು ಬೋರ್ಡ್ ತಾತನ ಕೆಲಸ. ಕೆಲಸ ಅಂದರೆ ಸಂಬಳದ್ದಲ್ಲ, ಯಾರೂ ಹೇಳಿ ಮಾಡಿಸಿದ್ದೂ ಅಲ್ಲ. ಮೂವತ್ತೈದು ವರ್ಷ ಅಂಗಡಿಗಳ ಬೋರ್ಡು ಬರೆದು, ಕೈ ನಡುಗೋಕೆ ಶುರುವಾದಾಗ ಬ್ರಷ್ಷು ಕೆಳಗಿಟ್ಟ ಮನುಷ್ಯ ಸುಮ್ಮನೆ ಕೂರಬೇಕಲ್ಲ? ಕೂರಲಿಲ್ಲ. ಬಣ್ಣಕ್ಕೆ ನಡುಗುವ ಕೈ ಸೀಮೆಸುಣ್ಣಕ್ಕೆ ನಡುಗಲ್ಲ ಅಂತ ತಾನೇ ತೀರ್ಮಾನ ಮಾಡಿ, ಪಾದ್ರಿಗಳ ಬೆನ್ನು ಬಿದ್ದು ಒಪ್ಪಿಸಿ ಈ ಹಲಗೆ ಹಿಡಿದಿದ್ದ. ಹನ್ನೊಂದು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ ಅಂತ ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಮಾತುಗಳೂ ಅವನವೇ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಜನವರಿ ಒಂದರಿಂದ ಡಿಸೆಂಬರ್ ಮೂವತ್ತೊಂದರ ತನಕ ತಾರೀಖಿಗೊಂದರಂತೆ ಬರೆದಿಟ್ಟಿದ್ದ. 'ದೇವರನ್ನು ಹುಡುಕಿ ಸುಸ್ತಾಯಿತಾ? ನೀನು ಕೂತುಕೋ, ಈಗ ಅವನು ಹುಡುಕಲಿ.' 'ಕರ್ತನ ಹತ್ತಿರ ಟೋಕನ್ ಇಲ್ಲ, ಸೀದಾ ಒಳಗೆ ಹೋಗು.' ಇಂಥವು. ಔಷಧಿ ಚೀಟಿ ಹಿಡಿದುಕೊಂಡವರು ನಿಂತು ಓದಿ ನಗುತ್ತಿದ್ದರು, ಕೆಲವರು ಕಣ್ಣೊರೆಸಿಕೊಂಡು ಮೇಲೆ ಹೋಗುತ್ತಿದ್ದರು. ವರ್ಷ ಮುಗಿದರೆ ಮತ್ತೆ ಮೊದಲ ಪುಟ. ತಾರೀಖು ನೋಡುವುದು, ಬರೆಯುವುದು, ಕೈ ತೊಳೆದು ಮನೆಗೆ ಹೋಗುವುದು. ಮೇಲಿನ ವಾರ್ಡಿನ ಕಡೆ ಮಾತ್ರ ಅವನು ತಲೆ ಹಾಕಿಯೂ ಮಲಗಿದವನಲ್ಲ. ಹೆಂಡತಿ ಕೊನೆಯ ಹದಿನೇಳು ದಿನ ಇದ್ದದ್ದು ಅಲ್ಲೇ. ಆ ಇಪ್ಪತ್ತೆರಡು ಮೆಟ್ಟಿಲು ಕಂಡರೇ ಅವನ ಕಾಲು ಸೋಲುತ್ತಿತ್ತು. ಕೇಳಿದವರಿಗೆ ಮಂಡಿನೋವು ಅನ್ನುತ್ತಿದ್ದ.

ಎಡವಟ್ಟು ಆಗಿದ್ದು ಅಲ್ಲೇ ನೋಡಿ. ನೋಟ್‌ಬುಕ್ಕಿಗೆ ತಾರೀಖು ಗೊತ್ತು, ಮೇಲೆ ಯಾರು ಮಲಗಿದ್ದಾರೆ ಅಂತ ಗೊತ್ತಿಲ್ಲ.

ಆ ಮಂಗಳವಾರದ ಪುಟದಲ್ಲಿ ಹೀಗಿತ್ತು: 'ಇವತ್ತು ನಿನ್ನ ಮನೆಗೆ ಒಳ್ಳೆ ಸುದ್ದಿ ಹೊರಟಿದೆ. ಬಾಗಿಲು ತೆಗೆದಿಡು.' ಬರೆದು ಮುಗಿಸಿ, ಅಕ್ಷರ ದುಂಡಗೆ ಬಂದಿವೆಯಾ ಅಂತ ತಾತ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದ. ಮೇಲಿನಿಂದ ಪೇಟೆ ಬೀದಿಯ ಟೈಲರ್ ಇಳಿದು ಬಂದ. ಒಂದೂವರೆ ತಿಂಗಳಿಂದ ಅವನ ಹತ್ತು ವರ್ಷದ ಮಗಳು ವಾರ್ಡಿನಲ್ಲಿದ್ದಾಳೆ ಅಂತ ತಾತನಿಗೆ ಗೊತ್ತಿತ್ತು. ಬೆಳಗಿನ ಜಾವ ಮಗು ತೀರಿಕೊಂಡಿದ್ದು ಗೊತ್ತಿರಲಿಲ್ಲ. ಟೈಲರ್ ಕೈಯಲ್ಲಿ ಮಗುವಿನ ಚಪ್ಪಲಿ ಇದ್ದವು. ಅವನು ಹಲಗೆ ಓದಿದ. ಇನ್ನೊಂದು ಸಲ ಓದಿದ.

"ತಾತಾ, ಇದನ್ನ ಯಾರಿಗೆ ಬರೆದಿದ್ದು?"

ತಾತ ಹೊಗಳಿಕೆ ಅಂದುಕೊಂಡು ಹಲ್ಲು ಬಿಟ್ಟು, ಎಲ್ಲರಿಗೂ ಕಣಪ್ಪಾ ಅಂದ. ಅಯ್ಯೋ, ಆ ನಗೆಯನ್ನು ಆಮೇಲೆ ಎಷ್ಟು ಶಪಿಸಿಕೊಂಡನೋ. ಟೈಲರ್ ಚಪ್ಪಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಅಂಗೈಯಲ್ಲಿ ಹಲಗೆ ಒರೆಸಿದ. ಒಂದು ಗೀಟು ಕೂಡ ಉಳಿಯದ ಹಾಗೆ ಒರೆಸಿ, ಬಿಳಿಯಾದ ಕೈಯನ್ನು ಪ್ಯಾಂಟಿಗೆ ತಿಕ್ಕಿಕೊಂಡು ಹೊರಟುಹೋದ. ವಿಷಯ ಏನು ಅಂತ ವಾರ್ಡು ನೋಡಿಕೊಳ್ಳುವ ದೊಡ್ಡ ಸಿಸ್ಟರ್ ಬಂದು ಹೇಳಿದಾಗ ತಾತ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು, ಕೈ ಕೂಡ ತೊಳೆಯದೆ ಮನೆಗೆ ನಡೆದ.

ಮಾರನೆಯ ದಿನ ತಾತ ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಐದೂವರೆಗೆಲ್ಲ ಬಾತ್‌ರೂಮಿನಲ್ಲಿ ಗಂಟಲು ಕೆರೆದು ಮನೆಯವರನ್ನೆಲ್ಲ ಎಬ್ಬಿಸುತ್ತಿದ್ದವನು ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಏನು ಮಾವ, ದೇವರು ರಜೆ ಕೊಟ್ಟನಾ ಅಂತ ಸೊಸೆ ಮೊದಲ ದಿನ ರೇಗಿಸಿದಳು. ಎರಡನೆಯ ದಿನ ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಪ್ರಾರ್ಥನೆಗೆ ಕೂತರೆ ಕಣ್ಣೆದುರು ಆ ಪುಟ್ಟ ಚಪ್ಪಲಿ. ಹನ್ನೊಂದು ವರ್ಷ ಹೀಗೆ ಇನ್ನೆಷ್ಟು ಜನರ ಗಾಯಕ್ಕೆ ಉಪ್ಪು ಹಚ್ಚಿದ್ದೇನೋ, ಅವರೆಲ್ಲ ಬಾಯಿ ಬಿಟ್ಟು ಹೇಳಿಲ್ಲ ಅಷ್ಟೇ ಅಂದುಕೊಂಡ. ತನ್ನ ಮಾತಿನಿಂದ ಒಬ್ಬರಿಗಾದರೂ ಒಳ್ಳೆಯದಾಗಿತ್ತಾ? ಇದೊಂದು ಗೊತ್ತಾಗದೆ ಇನ್ನು ಸೀಮೆಸುಣ್ಣ ಮುಟ್ಟಲ್ಲ ಅಂತ ನೋಟ್‌ಬುಕ್ಕನ್ನು ಹಳೇ ಪೇಪರಿನ ಜೊತೆ ಕಟ್ಟಿಟ್ಟ.

ಆರನೆಯ ದಿನ ದೊಡ್ಡ ಸಿಸ್ಟರ್ ಹೇಳಿಕಳಿಸಿದಳು: ಸರ್ಟಿಫಿಕೇಟು ತಗೊಳ್ಳೋಕೆ ಮಗುವಿನ ತಾಯಿ ಬಂದಿದ್ದಾಳೆ, ನಿಮ್ಮನ್ನು ನೋಡದೆ ಹೋಗಲ್ಲ ಅಂತ ಕೂತಿದ್ದಾಳೆ. ಬೈಸಿಕೊಳ್ಳೋಕೆ ತಯಾರಾಗಿ ತಾತ ಅಂಗಿ ಹಾಕಿಕೊಂಡ. ಬೈಸಿಕೊಂಡರೆ ಎದೆ ಹಗುರಾಗುತ್ತೆ ಅನ್ನುವ ಆಸೆಯೂ ಇತ್ತು ಅನ್ನಿ.

ಅವಳು ಖಾಲಿ ಹಲಗೆಯ ಕೆಳಗಿನ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕು. ತಾತ ಕೈಮುಗಿಯುವುದಕ್ಕೆ ಮೊದಲೇ ಅದನ್ನು ಅವನ ಕೈಗೆ ಕೊಟ್ಟಳು. ಮಗುವಿಗೆ ಕೆಳಗೆ ಇಳಿಯೋಕೆ ಆಗುತ್ತಿರಲಿಲ್ಲವಂತೆ. ಇವಳು ದಿನಾ ಹಾಲು ತರೋಕೆ ಬಂದಾಗ ಹಲಗೆಯ ಮಾತನ್ನು ಬಾಯಿಪಾಠ ಮಾಡಿ, ಮರೆಯದ ಹಾಗೆ ಗುನುಗಿಕೊಂಡು ಮೆಟ್ಟಿಲು ಹತ್ತಿ ಹೇಳಬೇಕು. ಮಗಳು ಅದನ್ನು ಬರೆದುಕೊಂಡು, ಕೆಂಪು ಪೆನ್ನಿನಲ್ಲಿ ಹತ್ತಕ್ಕೆ ಇಷ್ಟು ಅಂತ ಮಾರ್ಕು ಹಾಕಬೇಕು. ಹಾಗಾಗಿ ನರ್ಸುಗಳೆಲ್ಲ ಅವಳನ್ನು ಚಿಕ್ಕ ಟೀಚರ್ ಅಂತಲೇ ಕರೆಯುತ್ತಿದ್ದರಂತೆ.

ತಾತ ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದ. ಟೋಕನ್ ಇಲ್ಲ ಅನ್ನುವ ಮಾತಿಗೆ ಒಂಬತ್ತು ಸಿಕ್ಕಿತ್ತು. ಸಹನೆಯ ಮೇಲೆ ಅವನು ಮೂರು ದಿನ ತಿದ್ದಿ ತೀಡಿ ಬರೆದ ಮಾತಿಗೆ ಮೂರು. ಪಕ್ಕದಲ್ಲಿ 'ಉದ್ದ ಆಯ್ತು, ಅಮ್ಮ ಅರ್ಧ ಮರೆತಳು.' ಇನ್ನೊಂದಕ್ಕೆ ಎಂಟು, 'ಇಂಜೆಕ್ಷನ್ ಚುಚ್ಚುವಾಗ ಹೇಳಿಕೊಂಡೆ.' ತಾತನಿಗೆ ನಗು ಬಂತು, ಅದರ ಬೆನ್ನಿಗೇ ಕಣ್ಣು ಮಂಜಾಯಿತು. ಕೊನೆಕೊನೆಗೆ ಅಕ್ಷರ ಸೊಟ್ಟಗಾಗಿದ್ದವು. ಸೋಮವಾರದ ಮಾತಿಗೆ ಆರು ಮಾರ್ಕು, ಕೆಳಗೆ ಇಷ್ಟು: 'ತಾತ ಒಂದು ಸಲ ಮೇಲೆ ಬಂದು ನಮ್ಮನ್ನ ನೋಡಿದರೆ ಹತ್ತಕ್ಕೆ ಹತ್ತು.'

ಅದರಾಚೆ ಮಂಗಳವಾರದ ಪುಟ. ಮೇಲೆ ತಾರೀಖು ಹಾಕಿತ್ತು, ಉಳಿದದ್ದು ಖಾಲಿ.

"ಹಿಂದಿನ ದಿನವೇ ತಾರೀಖು ಹಾಕಿಡ್ತಿದ್ದಳು," ಅಂದಳು ತಾಯಿ. "ಅವತ್ತಿಂದು ನಾನು ನೋಡಲೇ ಇಲ್ಲ. ನಮ್ಮ ಮನೆಯವರನ್ನ ಕೇಳಿದರೆ ಗೋಡೆ ನೋಡ್ತಾರೆ. ಅದೊಂದು ಹೇಳಿಬಿಡಿ ತಾತಾ, ಬರೆದಿಡ್ತೀನಿ."

ತಾತ ಬೇರೆ ಯಾವುದನ್ನಾದರೂ ಹೇಳಬಹುದಿತ್ತು. ಮುನ್ನೂರ ಅರವತ್ತನಾಲ್ಕು ಮಾತು ತಲೆಯಲ್ಲೇ ಇದ್ದವು, ಕಣ್ಣೀರೊರೆಸುವಂಥ ಮೆತ್ತನೆಯ ಮಾತುಗಳು, ಒಂದು ಆರಿಸಿ ಕೊಟ್ಟರೆ ಈ ಜನ್ಮದಲ್ಲಿ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಬಾಯಿ ತೆರೆದೂ ತೆರೆದ. ಆದರೆ ಆ ಪುಟದಲ್ಲಿ ಸುಳ್ಳು ಬರೆಸೋಕೆ ಅವನಿಗೆ ಮನಸ್ಸು ಬರಲಿಲ್ಲ. ನೆಲ ನೋಡುತ್ತಾ, ಇದ್ದದ್ದನ್ನು ಇದ್ದಹಾಗೆ ಹೇಳಿದ. ಒಳ್ಳೆ ಸುದ್ದಿ ಹೊರಟಿದೆ. ಬಾಗಿಲು ತೆಗೆದಿಡು.

ಅವಳು ಬ್ಯಾಗಿನಿಂದ ಪೆನ್ನು ತೆಗೆದು ಒಂದೊಂದೇ ಅಕ್ಷರ ಬರೆದಳು. ಮಧ್ಯೆ ಒಂದು ಸಲ ನಿಲ್ಲಿಸಿ, ಸೆರಗಿನಿಂದ ಪುಟ ಒತ್ತಿ, ಮತ್ತೆ ಬರೆದಳು. ಬರೆದಾದ ಮೇಲೆ ಕೆಂಪು ಪೆನ್ನು ಹುಡುಕಿ ತೆಗೆದಳು.

"ಎಷ್ಟು ಹಾಕ್ತಿದ್ದಳು ಅಂತೀರಿ?"

"ಸೊನ್ನೆ ಹಾಕಮ್ಮಾ. ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ."

"ಸೊನ್ನೆ ಅವಳು ಯಾವತ್ತೂ ಹಾಕಿಲ್ಲ," ಅಂದಳು ಅವಳು. "ಪಾಪ ತಾತ ದಿನಾ ನಡಕೊಂಡು ಬರ್ತಾರೆ, ಅದಕ್ಕೆ ಒಂದು ಮಾರ್ಕು ಇದ್ದೇ ಇರುತ್ತೆ ಅಂತಿದ್ದಳು." ಒಂದು ಅಂತ ಬರೆದು, ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡು ಗೇಟಿನ ಕಡೆ ನಡೆದಳು.

ತಾತ ಅವಳು ಕಣ್ಮರೆಯಾಗುವ ತನಕ ನಿಂತಿದ್ದ. ಜೇಬಿನಲ್ಲಿ ಸೀಮೆಸುಣ್ಣದ ತುಂಡಿತ್ತು, ತೆಗೆಯಲಿಲ್ಲ. ಕಂಬಿ ಹಿಡಿದು ಮೆಟ್ಟಿಲಿಗೆ ಕಾಲಿಟ್ಟ. ಏಳನೆಯದರಲ್ಲಿ ಒಮ್ಮೆ, ಹದಿನೈದನೆಯದರಲ್ಲಿ ಒಮ್ಮೆ ನಿಂತು ಉಸಿರೆಳೆದುಕೊಂಡ. ಮೇಲೆ ಹೋಗಿ ಚಿಕ್ಕ ಟೀಚರ್ ಇದ್ದ ಮಂಚ ಯಾವುದು ಅಂತ ಕೇಳಿದ. ನರ್ಸು ಕಿಟಕಿ ಕಡೆ ಕೈ ತೋರಿಸಿದಳು. ಹೊಸ ಹೊದಿಕೆ ಹಾಸಿತ್ತು, ಆಗಲೇ ಬೇರೆ ಯಾವುದೋ ಮಗು ಮಲಗಿತ್ತು. ತಾತ ಸ್ಟೂಲು ಎಳೆದುಕೊಂಡು ಅದರ ಪಕ್ಕ ಕೂತ.